ಮನೆ ಕೊಳ್ಳುವ ಕೈದುಡ್ಡು ಎಲ್ಲಿ ಕೂಡಿಡಬೇಕು? ಆರ್‌ಡಿ, ಚೀಟಿ, ಲೀಸ್ ಮನೆ, ಪಿಎಫ್, ಸೈಟು

ಮನೆ ತಗೋಬೇಕು ಅಂತ ಹೊರಟವರು ಮೊದಲು ಕೇಳುವುದು "ಇಎಂಐ ಎಷ್ಟು ಬರುತ್ತೆ" ಅಂತ. ಬ್ಯಾಂಕಿನವರೂ ಅದನ್ನೇ ಹೇಳುತ್ತಾರೆ, ಬಿಲ್ಡರ್ ಆಫೀಸಿನವರೂ ಅದನ್ನೇ ಹೇಳುತ್ತಾರೆ. ಆದರೆ ಬಹಳಷ್ಟು ವ್ಯವಹಾರ ಕೆಡುವುದು ಇಎಂಐ ಶುರುವಾಗುವ ಮೊದಲೇ, ಕೈದುಡ್ಡಿನ ಹತ್ತಿರ, ಅಂದರೆ ಸಾಲ ಬಿಟ್ಟು ನಮ್ಮ ಜೇಬಿನಿಂದ ಹಾಕಬೇಕಾದ ದುಡ್ಡಿನ ಹತ್ತಿರ. ಸಂಬಳ ಚೆನ್ನಾಗಿದೆ, ಸಿಬಿಲ್ ಸ್ಕೋರ್ ಚೆನ್ನಾಗಿದೆ, ಸಾಲ ಮಂಜೂರಾಗಿದೆ, ಅಗ್ರಿಮೆಂಟೂ ಆಗಿದೆ. ಆಮೇಲೆ ನೋಡಿದರೆ ದುಡ್ಡು ಚೀಟಿಯಲ್ಲಿದೆ, ಚೀಟಿ ಮುಗಿಯಲು ಇನ್ನೂ ಎಂಟು ತಿಂಗಳಿದೆ. ಅಥವಾ ಊರಲ್ಲಿ ಸೈಟಿದೆ, ಕೊಳ್ಳುವವರು ಸಿಗುತ್ತಿಲ್ಲ.

ಅದಕ್ಕೇ ಇಲ್ಲಿ ಇಎಂಐ ಬಗ್ಗೆ ಸ್ವಲ್ಪ, ಕೈದುಡ್ಡಿನ ಬಗ್ಗೆ ಜಾಸ್ತಿ ಬರೆಯುತ್ತೇನೆ. ನಮ್ಮ ಜನ ದುಡ್ಡು ಕೂಡಿಡುವ ಜಾಗಗಳನ್ನು ಒಂದರ ಪಕ್ಕ ಒಂದಿಟ್ಟು ನೋಡೋಣ. ಅಳೆಯುವುದಕ್ಕೆ ನನ್ನ ಹತ್ತಿರ ಎರಡೇ ಪ್ರಶ್ನೆ. ಬೇಕಾದ ವಾರ ಈ ದುಡ್ಡು ಕೈಗೆ ಬರುತ್ತಾ? ಬರದಿದ್ದರೆ ಯಾರನ್ನು ಕೇಳುವುದು? ಬಡ್ಡಿಯ ಮಾತು ಆಮೇಲೆ.

ಮೊದಲು, ಎಷ್ಟು ಬೇಕು

ಬೆಂಗಳೂರಿನಲ್ಲಿ 70 ಲಕ್ಷದ ಒಂದು ಹಳೆಯ ಫ್ಲ್ಯಾಟ್, ಅಂದರೆ ರೀಸೇಲ್, ತಗೊಳ್ಳೋಣ. ಗೃಹಸಾಲಕ್ಕೆ ಆರ್‌ಬಿಐ ಮಿತಿ ಹಾಕಿದೆ. ಸಾಲ 30 ಲಕ್ಷದವರೆಗಿದ್ದರೆ ಮನೆ ಬೆಲೆಯ 90% ತನಕ ಕೊಡಬಹುದು, 30ರಿಂದ 75 ಲಕ್ಷದವರೆಗೆ 80%, ಅದಕ್ಕಿಂತ ಮೇಲಿದ್ದರೆ 75%. ಹಾಗಾಗಿ ನಮ್ಮ ಫ್ಲ್ಯಾಟಿಗೆ ಸಿಗುವುದು ಹೆಚ್ಚೆಂದರೆ 56 ಲಕ್ಷ. ಉಳಿದ 14 ಲಕ್ಷ ನಮ್ಮದು.

ಬಹಳ ಜನರ ಲೆಕ್ಕ ಇಲ್ಲಿಗೆ ನಿಲ್ಲುತ್ತದೆ. ನಿಲ್ಲಬಾರದು. ಮುದ್ರಾಂಕ ಶುಲ್ಕ 5%, ಅದರ ಮೇಲೆ ಸೆಸ್ಸು, ಸರ್‌ಚಾರ್ಜು ಸೇರಿ ಬೆಂಗಳೂರಿನಲ್ಲಿ 5.6% ಆಗುತ್ತದೆ. ನೋಂದಣಿ ಶುಲ್ಕ 1% ಇತ್ತು, 2025ರ ಆಗಸ್ಟ್ ಕೊನೆಯಿಂದ 2% ಆಯಿತು. ಒಟ್ಟು 7.6%, ಅಂದರೆ 70 ಲಕ್ಷಕ್ಕೆ 5 ಲಕ್ಷದ 32 ಸಾವಿರ. ಬ್ಯಾಂಕು 80% ಲೆಕ್ಕ ಹಾಕುವಾಗ ಇದನ್ನು ಮನೆಯ ಬೆಲೆಗೆ ಸೇರಿಸಿಕೊಳ್ಳುವುದಿಲ್ಲ, ಪೂರ್ತಿ ನಮ್ಮ ಜೇಬಿನದೇ. ಬ್ರೋಕರ್‌ಗೆ 1% ಅಂದುಕೊಂಡರೂ 70 ಸಾವಿರ. ವಕೀಲರ ಫೀಸು, ಬ್ಯಾಂಕಿನ ಪ್ರೊಸೆಸಿಂಗ್ ಫೀಸು, ಪತ್ರ ಅಡವಿಡುವಾಗಿನ ಎಂಓಡಿಟಿ ಶುಲ್ಕ, ಖಾತಾ ಬದಲಾವಣೆ, ಸೊಸೈಟಿಯವರ ಟ್ರಾನ್ಸ್‌ಫರ್ ಫೀಸು, ಇದಕ್ಕೆಲ್ಲ ಒಂದೂವರೆ ಲಕ್ಷ ಇಟ್ಟುಕೊಳ್ಳಿ. ಈಗ 21.5 ಲಕ್ಷ ಆಯಿತು. ಬಣ್ಣ, ಅಡುಗೆಮನೆಯ ಕಪಾಟು, ಗೀಸರು, ಗೃಹಪ್ರವೇಶದ ಊಟ ಸೇರಿಸಿದರೆ 25 ಲಕ್ಷಕ್ಕೆ ಬಂದು ನಿಂತಿತು. 70 ಲಕ್ಷದ ಮನೆಗೆ 25 ಲಕ್ಷ ಕೈದುಡ್ಡು, ಬೆಲೆಯ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ. "20% ಕಟ್ಟಿದರೆ ಸಾಕು ಸಾರ್" ಅನ್ನುವವರು ಹೇಳದೇ ಬಿಡುವ ಭಾಗ ಇದು.

ಇನ್ನೊಂದು ವಿಷಯ ಇದೆ. ಮಾರುವವರು "10 ಲಕ್ಷ ಕ್ಯಾಶ್ ಕೊಡಿ, ಪತ್ರದಲ್ಲಿ 60 ಬರೆಯೋಣ" ಅಂತ ಕೇಳುವುದು ನಮ್ಮಲ್ಲಿ ಮಾಮೂಲು. ಬ್ಯಾಂಕಿನ 80% ಆಗ 60ರ ಮೇಲೆ ಬರುತ್ತದೆ, ಸಾಲ 48 ಲಕ್ಷಕ್ಕೆ ಇಳಿಯುತ್ತದೆ, ಕೈದುಡ್ಡು ಒಂದೇ ಏಟಿಗೆ ಸುಮಾರು ಎಂಟು ಲಕ್ಷ ಏರುತ್ತದೆ. ಸ್ಟಾಂಪ್ ಡ್ಯೂಟಿಯಲ್ಲಿ ಒಂದಿಷ್ಟು ಉಳಿಯಬಹುದು, ಅಷ್ಟೇ. ಅದಕ್ಕಿಂತ ಹೆಚ್ಚಾಗಿ, ಆಸ್ತಿ ವ್ಯವಹಾರಕ್ಕೆ 20 ಸಾವಿರ ಅಥವಾ ಅದಕ್ಕಿಂತ ಜಾಸ್ತಿ ನಗದು ಪಡೆಯುವುದನ್ನೇ ಆದಾಯ ತೆರಿಗೆ ಕಾನೂನು ಒಪ್ಪುವುದಿಲ್ಲ. ಬೇಡ ಅಂತ ಮೊದಲ ಮಾತಿಗೇ ಹೇಳಿಬಿಡಿ.

ಊರು ಚಿಕ್ಕದಾಗಿ ಬಜೆಟ್ 35 ಲಕ್ಷದೊಳಗಿದ್ದರೆ ಲೆಕ್ಕ ಸ್ವಲ್ಪ ಹಗುರ. ಪಿಎಂ ಆವಾಸ್ ನಗರ ಯೋಜನೆಯ ಎರಡನೇ ಹಂತದಲ್ಲಿ, ಮನೆಯ ಬೆಲೆ 35 ಲಕ್ಷದೊಳಗೆ, ಸಾಲ 25 ಲಕ್ಷದೊಳಗೆ, ಕುಟುಂಬದ ವರ್ಷದ ಆದಾಯ 9 ಲಕ್ಷದೊಳಗೆ ಇದ್ದು, ದೇಶದಲ್ಲಿ ಎಲ್ಲೂ ನಿಮಗೆ ಪಕ್ಕಾ ಮನೆ ಇಲ್ಲದಿದ್ದರೆ, 1.80 ಲಕ್ಷದವರೆಗೆ ಬಡ್ಡಿ ಸಹಾಯಧನ ಇದೆ. ಆದರೆ ಅದು ಐದು ವಾರ್ಷಿಕ ಕಂತಿನಲ್ಲಿ ಸಾಲದ ಖಾತೆಗೆ ಬರುತ್ತದೆ. ಕೈದುಡ್ಡಿಗೆ ಅದನ್ನು ನಂಬಬೇಡಿ.

ಆರ್‌ಡಿ, ಎಫ್‌ಡಿ

ಬೇಜಾರಿನ ಆಯ್ಕೆ, ಆದರೆ ಹೇಳಿದ ಮಾತು ತಪ್ಪುವುದಿಲ್ಲ. ತಿಂಗಳಿಗೆ 25 ಸಾವಿರದಂತೆ ಐದು ವರ್ಷ, 6.5% ಬಡ್ಡಿಯ ಆರ್‌ಡಿ ಕಟ್ಟಿದರೆ 15 ಲಕ್ಷ ಕಟ್ಟಿದ್ದು ಸುಮಾರು 17.7 ಲಕ್ಷ ಆಗಿರುತ್ತದೆ. ನಮ್ಮ 25 ಲಕ್ಷ ಬೇಕೆಂದರೆ ತಿಂಗಳಿಗೆ 35 ಸಾವಿರ ಕಟ್ಟಬೇಕು. ಬಡ್ಡಿಯ ಮೇಲೆ ತೆರಿಗೆ ಇದೆ. 30% ಸ್ಲ್ಯಾಬಿನವರಿಗೆ 6.5% ಅನ್ನುವುದು ಕೈಗೆ ಬರುವಾಗ ಸುಮಾರು 4.5%. ಮನೆ ಬೆಲೆ ಅದಕ್ಕಿಂತ ವೇಗವಾಗಿ ಏರುತ್ತದೆ ಅನ್ನುವ ವಾದ ಇದ್ದದ್ದೇ, ಕೆಲವು ಏರಿಯಾದಲ್ಲಿ ಅದು ನಿಜ ಕೂಡ. ಆದರೂ ಎರಡು ಮೂರು ವರ್ಷದೊಳಗೆ ಮನೆ ತಗೊಳ್ಳುವವರಿಗೆ ನಾನು ಇದನ್ನೇ ಹೇಳುವುದು. ನಡುವೆ ಮುರಿದರೆ ಬಡ್ಡಿಯಲ್ಲಿ ಅರ್ಧವೋ ಒಂದೋ ಪರ್ಸೆಂಟ್ ಹೋಗುತ್ತದೆ, ದುಡ್ಡು ಅದೇ ದಿನ ಬರುತ್ತದೆ.

ಒಂದೇ ದೊಡ್ಡ ಎಫ್‌ಡಿ ಮಾಡಬೇಡಿ. 15 ಲಕ್ಷ ಇದ್ದರೆ ಎರಡು ಮೂರು ಲಕ್ಷದ ತುಂಡು ಮಾಡಿ ಇಡಿ. ಅಗ್ರಿಮೆಂಟ್ ಹೊತ್ತಿಗೆ ಅಡ್ವಾನ್ಸ್ ಕೊಡಲು ಒಂದೆರಡು ಮುರಿದರೆ ಸಾಕು, ಉಳಿದದ್ದು ಬಡ್ಡಿ ತಿನ್ನುತ್ತಾ ಕೂತಿರಲಿ.

ಎಫ್‌ಡಿ ಎಲ್ಲಿ ಇಡಬೇಕು ಅನ್ನುವುದು ಇನ್ನೊಂದು ಪ್ರಶ್ನೆ. ಸಹಕಾರ ಬ್ಯಾಂಕು, ಸೌಹಾರ್ದ ಸೊಸೈಟಿ, ಪತ್ತಿನ ಸಂಘ ಇವು ಒಂದೆರಡು ಪರ್ಸೆಂಟ್ ಜಾಸ್ತಿ ಕೊಡುತ್ತವೆ. ಹೊರಗಿನಿಂದ ಎಲ್ಲವೂ ಒಂದೇ ಥರ ಕಾಣುತ್ತವೆ, ಕೌಂಟರು, ಪಾಸ್‌ಬುಕ್ಕು, ಕ್ಯಾಲೆಂಡರು ಎಲ್ಲ ಇರುತ್ತದೆ. ವ್ಯತ್ಯಾಸ ಇರುವುದು ವಿಮೆಯಲ್ಲಿ. ಸಹಕಾರ ಬ್ಯಾಂಕಿಗೆ ಆರ್‌ಬಿಐ ಲೈಸೆನ್ಸ್ ಇದ್ದರೆ ಡಿಐಸಿಜಿಸಿ ಸಂಸ್ಥೆಯ ಠೇವಣಿ ವಿಮೆ ಇರುತ್ತದೆ, ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ ಅಸಲು ಬಡ್ಡಿ ಸೇರಿ 5 ಲಕ್ಷದವರೆಗೆ. ಸೊಸೈಟಿಗೆ ಅದೂ ಇಲ್ಲ. 2020ರ ಜನವರಿಯಲ್ಲಿ ಬೆಂಗಳೂರು ಬಸವನಗುಡಿಯ ಒಂದು ಸಹಕಾರ ಬ್ಯಾಂಕಿನ ಮೇಲೆ ಆರ್‌ಬಿಐ ನಿರ್ಬಂಧ ಹಾಕಿದಾಗ ಖಾತೆದಾರರು ತೆಗೆಯಬಹುದಾಗಿದ್ದದ್ದು 35 ಸಾವಿರ ರೂಪಾಯಿ. ಮಗಳ ಮದುವೆಗೆ ಇಟ್ಟವರು, ನಿವೃತ್ತಿ ದುಡ್ಡು ಇಟ್ಟವರು, ಮನೆಗೆ ಇಟ್ಟವರು ಎಲ್ಲರಿಗೂ ಅಷ್ಟೇ. ಮನೆಯ ದುಡ್ಡಿನ ವಿಷಯದಲ್ಲಿ ಒಂದೂವರೆ ಪರ್ಸೆಂಟ್ ಆಸೆಗೆ ಈ ರಿಸ್ಕ್ ಬೇಕಾ? ಇಡಲೇಬೇಕು ಅಂದರೆ ಒಂದೊಂದು ಕಡೆ 5 ಲಕ್ಷ ಮುಟ್ಟದ ಹಾಗೆ ಇಡಿ.

ಚೀಟಿ

ಚೀಟಿ ಅಂದರೆ ಓದಿದವರು ಮೂಗು ಮುರಿಯುತ್ತಾರೆ. ನಾನು ಮುರಿಯುವುದಿಲ್ಲ. ಆರ್‌ಡಿ ತಪ್ಪಿದರೆ ಯಾರೂ ಕೇಳುವುದಿಲ್ಲ, ಚೀಟಿ ತಪ್ಪಿಸಿದರೆ ಹತ್ತು ಜನ ಕೇಳುತ್ತಾರೆ. ಆ ಹೆದರಿಕೆಯಿಂದಲೇ ದುಡ್ಡು ಉಳಿಸುವವರು ಬಹಳ ಜನ ಇದ್ದಾರೆ. ಆದರೆ ಕೈದುಡ್ಡಿಗೆ ಅದು ಹೇಗೆ ಕೆಲಸ ಮಾಡುತ್ತದೆ ಅನ್ನುವುದು ಸರಿಯಾಗಿ ಗೊತ್ತಿರಬೇಕು.

20 ಜನ, 20 ತಿಂಗಳು, ತಿಂಗಳಿಗೆ 25 ಸಾವಿರ ಅಂದುಕೊಳ್ಳಿ. 5 ಲಕ್ಷದ ಚೀಟಿ. ಮೂರನೇ ತಿಂಗಳಿನ ಹರಾಜಿನಲ್ಲಿ ಒಬ್ಬರಿಗೆ ತುರ್ತು ಇದೆ, 1 ಲಕ್ಷದ 20 ಸಾವಿರ ಬಿಟ್ಟು ಕೂಗಿದರು. ಅವರ ಕೈಗೆ ಬರುವುದು 3.80 ಲಕ್ಷ. ಬಿಟ್ಟ ದುಡ್ಡಿನಲ್ಲಿ ಮೊದಲು ಕಮಿಷನ್ ಹೋಗುತ್ತದೆ, 5 ಲಕ್ಷದ ಚೀಟಿಯ 5%, ಅಂದರೆ 25 ಸಾವಿರ ಚೀಟಿ ನಡೆಸುವವರಿಗೆ. ಉಳಿದ 95 ಸಾವಿರವನ್ನು 20 ಜನಕ್ಕೆ ಹಂಚಿದರೆ ತಲೆಗೆ 4,750. ಹಾಗಾಗಿ ಆ ಕಂತಿಗೆ ನೀವು ಕಟ್ಟುವುದು 20,250. ಎತ್ತಿದವರು ಮಾತ್ರ 3.80 ಲಕ್ಷ ತಗೊಂಡು ಉಳಿದ ಎಲ್ಲ ತಿಂಗಳೂ ಕಟ್ಟುತ್ತಾ ಹೋಗಬೇಕು.

ಇದರಿಂದ ತಿಳಿಯುವುದು ಇಷ್ಟು. ಕೊನೆಯವರೆಗೆ ಕಾದು ಎತ್ತಿದರೆ ಚೀಟಿ ಉಳಿತಾಯ, ಮೊದಲೇ ಎತ್ತಿದರೆ ಅದು ಸಾಲ, ಅದೂ ಗೃಹಸಾಲಕ್ಕಿಂತ ದುಬಾರಿ ಸಾಲ. ಮನೆ ಯಾವಾಗ ಸಿಗುತ್ತದೆ ಅಂತ ಮೊದಲೇ ಗೊತ್ತಿರುವುದಿಲ್ಲ. ಒಳ್ಳೇ ಮನೆ ಆರನೇ ತಿಂಗಳಿಗೇ ಸಿಕ್ಕಿತು ಅಂದರೆ ಉಳಿತಾಯ ಅಂತ ಹಾಕಿದ್ದನ್ನು ಸಾಲದ ರೂಪದಲ್ಲಿ ಎತ್ತಬೇಕಾಗುತ್ತದೆ. ಕೂಗಿ ಗೆದ್ದರೂ ದುಡ್ಡು ಮರುದಿನ ಬರುವುದಿಲ್ಲ. ನೋಂದಾಯಿತ ಚೀಟಿ ಕಂಪನಿಗಳು ಜಾಮೀನು ಕೇಳುತ್ತವೆ, ಸಂಬಳದವರ ಸಹಿ ಬೇಕು, ಅವರ ಸ್ಯಾಲರಿ ಸ್ಲಿಪ್ ಬೇಕು, ಪರಿಶೀಲನೆ ಆಗಬೇಕು. ರಿಜಿಸ್ಟ್ರೇಷನ್ ಮುಂದಿನ ವಾರ ಇಟ್ಟುಕೊಂಡು ಜಾಮೀನುದಾರರನ್ನು ಹುಡುಕುತ್ತಾ ತಿರುಗುವ ಪಾಡು ಯಾರಿಗೂ ಬೇಡ.

ಹಾಕುವುದಾದರೆ ನೋಂದಾಯಿತ ಚೀಟಿಯನ್ನೇ ಹಾಕಿ. ಚೀಟಿಗೆ 1982ರ ಕೇಂದ್ರ ಕಾನೂನು ಇದೆ, ನಡೆಸುವವರು ರಿಜಿಸ್ಟ್ರಾರ್ ಹತ್ತಿರ ಭದ್ರತೆ ಇಡಬೇಕು, ಕಮಿಷನ್ 7% ದಾಟುವಂತಿಲ್ಲ. ರಾಜ್ಯ ಸರ್ಕಾರದ ಎಂಎಸ್‌ಐಎಲ್ ಕೂಡ ಚೀಟಿ ನಡೆಸುತ್ತದೆ. ಬೀದಿಯಲ್ಲಿ ಪುಸ್ತಕ ಇಟ್ಟುಕೊಂಡು ಆಂಟಿ ನಡೆಸುವ ಚೀಟಿ ಹತ್ತು ವರ್ಷದಿಂದ ಸರಿಯಾಗೇ ನಡೆದಿರಬಹುದು, ಆಂಟಿ ಒಳ್ಳೆಯವರೇ ಇರಬಹುದು. ಆದರೆ ಎತ್ತಿದ ನಾಲ್ಕು ಜನ ಕೈಕೊಟ್ಟರೆ ಆಂಟಿ ಎಲ್ಲಿಂದ ತಂದು ಕೊಡುತ್ತಾರೆ? ಗ್ಯಾಸ್ ಸ್ಟೌವಿಗೆ, ಸ್ಕೂಲ್ ಫೀಸಿಗೆ ಅಂತ ಚಿಕ್ಕ ಚೀಟಿ ಸರಿ. ಮನೆಯ ದುಡ್ಡು ಅಲ್ಲಿ ಬೇಡ.

ಲೀಸ್ ಮನೆ

ಇದು ಬೆಂಗಳೂರಿನವರಿಗೆ ಚೆನ್ನಾಗಿ ಗೊತ್ತಿರುವ ಪದ್ಧತಿ. ಮಾಲೀಕರಿಗೆ 12 ಲಕ್ಷವೋ 15 ಲಕ್ಷವೋ ಒಟ್ಟಿಗೆ ಕೊಟ್ಟು ಎರಡು ಮೂರು ವರ್ಷ ಬಾಡಿಗೆ ಇಲ್ಲದೆ ಇರುವುದು, ಬಿಡುವಾಗ ಅಸಲು ವಾಪಸ್. ಹಳಬರು ಭೋಗ್ಯ ಅನ್ನುತ್ತಾರೆ.

ಬರೀ ಲೆಕ್ಕದಲ್ಲಿ ನೋಡಿದರೆ ಇದನ್ನು ಸೋಲಿಸುವುದು ಕಷ್ಟ. 15 ಲಕ್ಷ ಎಫ್‌ಡಿಯಲ್ಲಿಟ್ಟರೆ 6.5% ಬಡ್ಡಿಗೆ ವರ್ಷಕ್ಕೆ 97,500 ಬರುತ್ತದೆ, ಅದಕ್ಕೂ ತೆರಿಗೆ. ಅದೇ 15 ಲಕ್ಷ ಕೊಟ್ಟು ತಿಂಗಳಿಗೆ 15 ಸಾವಿರ ಬಾಡಿಗೆಯ ಮನೆಯಲ್ಲಿ ಕೂತರೆ ವರ್ಷಕ್ಕೆ 1.80 ಲಕ್ಷ ಉಳಿಯಿತು. ಉಳಿದ ಬಾಡಿಗೆಯನ್ನು ಪ್ರತಿ ತಿಂಗಳು ಆರ್‌ಡಿಗೆ ಹಾಕಿದರೆ (ಬಹಳ ಜನ ಹಾಕುವುದಿಲ್ಲ, ಕಾರಿನ ಕಂತಿಗೆ ಹೋಗುತ್ತದೆ) ಎರಡು ವರ್ಷದಲ್ಲಿ ಮೂರೂವರೆ ಲಕ್ಷಕ್ಕೂ ಜಾಸ್ತಿ.

ಇಷ್ಟು ಚೆನ್ನಾಗಿದ್ದರೆ ಎಲ್ಲರೂ ಯಾಕೆ ಮಾಡುವುದಿಲ್ಲ? ಮಾಲೀಕರು ಯಾಕೆ ಲೀಸ್‌ಗೆ ಕೊಡುತ್ತಾರೆ ಅಂತ ಒಂದು ನಿಮಿಷ ಯೋಚನೆ ಮಾಡಿ. ಅವರಿಗೆ ಒಟ್ಟಿಗೆ ದುಡ್ಡು ಬೇಕಾಗಿದೆ. ಮೇಲೆ ಇನ್ನೊಂದು ಫ್ಲೋರ್ ಕಟ್ಟಬೇಕು, ಹಳೇ ಸಾಲ ತೀರಿಸಬೇಕು, ವ್ಯಾಪಾರಕ್ಕೆ ಹಾಕಬೇಕು. ಅಂದರೆ ನಿಮ್ಮ 15 ಲಕ್ಷ ಅವರ ಖಾತೆಯಲ್ಲಿ ಕೂತಿರುವುದಿಲ್ಲ. ನೀವು ಬಿಡುತ್ತೇನೆ ಅಂದಾಗ ಅವರು ಮುಂದಿನ ಲೀಸ್‌ನವರನ್ನು ಹುಡುಕಿ, ಅವರಿಂದ ತಗೊಂಡು ನಿಮಗೆ ಕೊಡಬೇಕು. ಒಳ್ಳೆಯ ಮಾಲೀಕರಾದರೂ ಇದು ಹೀಗೇ. ನೀವು ಮನೆ ನೋಡಿ ಅಗ್ರಿಮೆಂಟ್ ಮಾಡಿ ಮೂರು ತಿಂಗಳ ಗಡುವು ಹಾಕಿಕೊಂಡಿದ್ದೀರಿ, ಇವರು "ಇನ್ನೊಂದು ತಿಂಗಳು ಟೈಮ್ ಕೊಡಿ" ಅಂದರೆ ಏನು ಮಾಡುತ್ತೀರಿ? ಮನೆ ಖಾಲಿ ಮಾಡದೆ ಕೂರಬಹುದು, ಆದರೆ ನಿಮಗೆ ಬೇಕಾಗಿರುವುದು ಆ ಮನೆ ಅಲ್ಲವಲ್ಲ.

ಕೆಟ್ಟ ಮಾಲೀಕರಾದರೆ ಇನ್ನೂ ಕಷ್ಟ. ಮನೆ ಬ್ಯಾಂಕಿನಲ್ಲಿ ಅಡವಿದ್ದು ಅವರು ಸಾಲ ಕಟ್ಟದಿದ್ದರೆ, ಬ್ಯಾಂಕಿನವರು ನೋಟಿಸ್ ಅಂಟಿಸುವುದು ನೀವಿರುವ ಮನೆಯ ಬಾಗಿಲಿಗೆ. ಅದಕ್ಕೇ ಲೀಸ್‌ಗೆ ದುಡ್ಡು ಕೊಡುವ ಮೊದಲು ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಿನಲ್ಲಿ ಆ ಆಸ್ತಿಯ ಇಸಿ, ಅಂದರೆ ಋಣಭಾರ ಪ್ರಮಾಣಪತ್ರ ತೆಗೆಸಿ ನೋಡಿ. ಸಾಲ, ಅಡಮಾನ ನೋಂದಣಿ ಆಗಿದ್ದರೆ ಅದರಲ್ಲಿ ಕಾಣುತ್ತದೆ. ಒಂದು ವರ್ಷಕ್ಕಿಂತ ಜಾಸ್ತಿ ಅವಧಿಯ ಲೀಸ್ ಪತ್ರ ನೋಂದಣಿ ಆಗಲೇಬೇಕು ಅಂತ ಕಾನೂನಿದೆ. ಸ್ಟಾಂಪ್ ಪೇಪರಿನಲ್ಲಿ 11 ತಿಂಗಳ ಬಾಡಿಗೆ ಕರಾರು ಬರೆದು ಲೀಸ್ ಅನ್ನುವುದು ಚಾಲ್ತಿಯಲ್ಲಿದೆ, ಕೋರ್ಟಿಗೆ ಹೋದಾಗ ಅದರ ಬೆಲೆ ಗೊತ್ತಾಗುತ್ತದೆ. ಇನ್ನೊಂದು, ಮಾಲೀಕರ ಮುಖವನ್ನೇ ನೋಡದೆ ನಡುವಿನ ಕಂಪನಿಯ ಕೈಗೆ ಲೀಸ್ ದುಡ್ಡು ಕೊಡಬೇಡಿ. ಆ ಕಂಪನಿ ಮಾಲೀಕರಿಗೆ ತಿಂಗಳ ಬಾಡಿಗೆ ಕಟ್ಟುತ್ತೇನೆ ಅಂತ ಮನೆ ಹಿಡಿದಿರುತ್ತದೆ, ನಿಮ್ಮ ಹತ್ತಿರ ಲಕ್ಷಗಟ್ಟಲೆ ತಗೊಂಡಿರುತ್ತದೆ. ಒಂದು ದಿನ ಬಾಡಿಗೆ ಕಟ್ಟುವುದು ನಿಲ್ಲಿಸಿ ಬಾಗಿಲು ಹಾಕುತ್ತದೆ. ಮಾಲೀಕರು ಬಂದು ನಿಮ್ಮನ್ನು ಬಾಡಿಗೆ ಕೇಳುತ್ತಾರೆ. ಬೆಂಗಳೂರಿನಲ್ಲಿ ಈ ಥರದ ಕೇಸುಗಳು ಪೊಲೀಸ್ ಠಾಣೆ ಮೆಟ್ಟಿಲು ಹತ್ತಿವೆ.

ಹಾಗಾದರೆ ಲೀಸ್ ಬೇಡವಾ? ನಾಲ್ಕೈದು ವರ್ಷ ಸಮಯ ಇದ್ದು, ಇಸಿ ಸರಿ ಇದ್ದು, ಪತ್ರ ನೋಂದಣಿಗೆ ಮಾಲೀಕರು ಒಪ್ಪಿ, ಅದೇ ಕಟ್ಟಡದ ಇನ್ನೊಂದು ಮನೆಯಲ್ಲಿ ಅವರೇ ವಾಸ ಇದ್ದರೆ ನಾನು ಹೂಂ ಅನ್ನುತ್ತೇನೆ. ಆದರೆ ಇರುವ ದುಡ್ಡಿನ ಅರ್ಧಕ್ಕಿಂತ ಜಾಸ್ತಿ ಅದರಲ್ಲಿ ಹಾಕಬೇಡಿ. ಮನೆ ಹುಡುಕಲು ಶುರು ಮಾಡುವ ಆರು ತಿಂಗಳ ಮೊದಲೇ ಲೀಸ್ ಬಿಟ್ಟು ಬಾಡಿಗೆಗೆ ಬಂದುಬಿಡಿ.

ಮ್ಯೂಚುವಲ್ ಫಂಡು, ಚಿನ್ನ, ಪಿಎಫ್

ಷೇರು ಫಂಡಿನ ಎಸ್‌ಐಪಿ, ಅಂದರೆ ತಿಂಗಳು ತಿಂಗಳು ಫಂಡಿಗೆ ಹಾಕುವ ಕಂತು, ಏಳೆಂಟು ವರ್ಷ ಸಮಯ ಇದ್ದವರಿಗೆ. 2020ರಲ್ಲಿ ಜನವರಿಯಿಂದ ಮಾರ್ಚ್ ಹೊತ್ತಿಗೆ ಷೇರುಪೇಟೆ ಸೂಚ್ಯಂಕ ನಿಫ್ಟಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಬಿದ್ದಿತ್ತು. ಆಮೇಲೆ ಎದ್ದಿತು, ಸರಿ. ಆದರೆ ಆ ಏಪ್ರಿಲ್‌ನಲ್ಲಿ ರಿಜಿಸ್ಟ್ರೇಷನ್ ಇದ್ದವರಿಗೆ "ಆಮೇಲೆ ಏಳುತ್ತದೆ" ಅನ್ನುವುದರಿಂದ ಏನು ಲಾಭ? ಎಸ್‌ಐಪಿ ಮಾಡಿದ್ದರೆ ಮನೆಗೆ ಮೂರು ವರ್ಷ ಇರುವಾಗಿನಿಂದ ಸ್ವಲ್ಪ ಸ್ವಲ್ಪ ತೆಗೆದು ಎಫ್‌ಡಿಗೆ ಹಾಕುತ್ತಾ ಬನ್ನಿ, ಮಾರುಕಟ್ಟೆ ಎಷ್ಟೇ ಚೆನ್ನಾಗಿ ಓಡುತ್ತಿರಲಿ. ಲಾಭ ವರ್ಷಕ್ಕೆ 1.25 ಲಕ್ಷ ದಾಟಿದರೆ, ಒಂದು ವರ್ಷ ಮೇಲ್ಪಟ್ಟ ಷೇರು ಫಂಡಿಗೆ 12.5% ತೆರಿಗೆ. ಸ್ವಲ್ಪ ಸ್ವಲ್ಪ ತೆಗೆಯುವುದರಿಂದ ಅದೂ ಕಡಿಮೆ ಆಗುತ್ತದೆ.

ಚಿನ್ನದಂಗಡಿಯ 11 ತಿಂಗಳ ಸ್ಕೀಮು ಒಡವೆ ಬೇಕಾದವರಿಗೆ. ಕೊನೆಗೆ ದುಡ್ಡು ಬರುವುದಿಲ್ಲ, ಒಡವೆ ಬರುತ್ತದೆ, ಅದನ್ನು ಮಾರಲು ಹೋದರೆ ಮಜೂರಿ ಹೋಯಿತು. ಮನೆಯಲ್ಲಿ ಮೊದಲಿನಿಂದ ಇರುವ ಚಿನ್ನವನ್ನು ಅಡವಿಟ್ಟು ಅಡ್ವಾನ್ಸ್ ಕೊಡುವವರಿದ್ದಾರೆ. ತಿಂಗಳು ಎರಡು ತಿಂಗಳಿಗೆ ಅಂತಾದರೆ ಪರವಾಗಿಲ್ಲ. ಗೃಹಸಾಲದ ಕಂತು ಶುರುವಾದ ಮೇಲೂ ಚಿನ್ನದ ಬಡ್ಡಿ ನಡೆಯುತ್ತಿದ್ದರೆ ಚಿನ್ನ ಬಿಡಿಸಿಕೊಳ್ಳಲು ಆಗುವುದಿಲ್ಲ. ಅದಕ್ಕಿಂತ, ಮನಸ್ಸು ಒಪ್ಪಿದರೆ, ಬೇಡದ ಎರಡು ಒಡವೆ ಮಾರುವುದು ವಾಸಿ. ಅಮ್ಮಂದಿರು ಬೈಯುತ್ತಾರೆ, ಗೊತ್ತು.

ಪಿಎಫ್ ವಿಷಯದಲ್ಲಿ ನನ್ನ ಮಾತು ಸ್ವಲ್ಪ ಬೇರೆ. ಮನೆಗೆ ಅಂತ ಪಿಎಫ್‌ನಿಂದ ತೆಗೆಯಲು ಅವಕಾಶ ಇದೆ, ಆನ್‌ಲೈನಿನಲ್ಲೇ ಅರ್ಜಿ ಹಾಕಬಹುದು. ಆದರೆ 2024-25ಕ್ಕೆ ಪಿಎಫ್ ಬಡ್ಡಿ 8.25% ಇತ್ತು. ಗೃಹಸಾಲ ಅದಕ್ಕಿಂತ ಕಡಿಮೆಗೆ ಸಿಗುವಾಗ ಪಿಎಫ್ ಬರಿದು ಮಾಡಿ ಸಾಲ ಇಳಿಸುವುದರಲ್ಲಿ ಲಾಭ ಇಲ್ಲ. ಮನೆಗೆ ಸಾಲ ಸಿಗುತ್ತದೆ, ನಿವೃತ್ತಿಗೆ ಯಾರೂ ಸಾಲ ಕೊಡುವುದಿಲ್ಲ. ಕೈದುಡ್ಡು ಎರಡು ಮೂರು ಲಕ್ಷ ಸಾಲದೇ ಹೋದಾಗ, ಪರ್ಸನಲ್ ಲೋನ್ ಮಾಡುವುದಾ ಪಿಎಫ್ ತೆಗೆಯುವುದಾ ಅನ್ನುವ ಪ್ರಶ್ನೆ ಬಂದರೆ, ಪಿಎಫ್ ತೆಗೆಯಿರಿ. ಪರ್ಸನಲ್ ಲೋನಿನ ಕಂತನ್ನು ಬ್ಯಾಂಕಿನವರು ನಿಮ್ಮ ಸಂಬಳದಿಂದ ಕಳೆದೇ ಗೃಹಸಾಲ ಲೆಕ್ಕ ಹಾಕುತ್ತಾರೆ, ಅಲ್ಲೂ ಪೆಟ್ಟು.

ಮೊದಲು ಒಂದು ಸೈಟ್ ತಗೊಂಡು ಇಡೋಣ ಅನ್ನುವವರಿಗೆ

"ಈಗ ಊರಾಚೆ ಸೈಟ್ ತಗೊಂಡು, ಐದು ವರ್ಷ ಬಿಟ್ಟು ಮಾರಿ, ಆ ದುಡ್ಡಲ್ಲಿ ಫ್ಲ್ಯಾಟ್." ಪ್ರತಿ ಮನೆಯಲ್ಲೂ ಒಬ್ಬ ಮಾವ ಇದನ್ನು ಹೇಳಿರುತ್ತಾರೆ, ಅವರಿಗೆ ಅದು ಆಗಿಯೂ ಇರುತ್ತದೆ. ನಾನು ಕೇಳುವುದು ಒಂದೇ, ಅದು ಯಾವ ಸೈಟು? ಭೂ ಪರಿವರ್ತನೆ ಆಗಿ, ಯೋಜನಾ ಪ್ರಾಧಿಕಾರದ ಲೇಔಟ್ ಅನುಮೋದನೆ ಇದ್ದು, ಸರಿಯಾದ ಇ-ಖಾತಾ ಇದ್ದರೆ ಬೆಲೆಯೂ ಜಾಸ್ತಿ ಇರುತ್ತದೆ, ಮಾರುವುದೂ ಸುಲಭ. ಕಡಿಮೆಗೆ ಸಿಗುವುದು ಇದ್ಯಾವುದೂ ಇಲ್ಲದ ರೆವಿನ್ಯೂ ಸೈಟು. ಅದರ ಮೇಲೆ ಬ್ಯಾಂಕು ಸಾಲ ಕೊಡಲು ಹಿಂದೇಟು ಹಾಕುತ್ತದೆ. ಅಂದರೆ ನಾಳೆ ನಿಮ್ಮಿಂದ ಕೊಳ್ಳುವವರೂ ಪೂರ್ತಿ ಕೈದುಡ್ಡು ಇಟ್ಟುಕೊಂಡವರೇ ಆಗಬೇಕು, ಅಂಥವರು ಎಷ್ಟು ಜನ ಸಿಗುತ್ತಾರೆ? ಕೊಳ್ಳುವಾಗಲೇ 7% ಮೇಲೆ ಶುಲ್ಕಕ್ಕೆ ಹೋಗಿರುತ್ತದೆ. ಮಾರುವಾಗ ಲಾಭದ ಮೇಲೆ ತೆರಿಗೆ ಬರಬಹುದು. ಆಮೇಲೆ ಫ್ಲ್ಯಾಟಿಗೆ ಮತ್ತೆ ಅದೇ 7.6%. ಆ ಸೈಟಿನಲ್ಲೇ ಮನೆ ಕಟ್ಟುವ ಯೋಚನೆ ಇದ್ದರೆ ತಗೊಳ್ಳಿ, ಕೈದುಡ್ಡು ಬೆಳೆಸಲು ಅಂತ ಬೇಡ.

ಯಾವ ಮನೆ ಅನ್ನುವುದರ ಮೇಲೆ ದುಡ್ಡು ಯಾವಾಗ ಬೇಕು ಅನ್ನುವುದು

ರೆಡಿ ಮನೆಯಾದರೆ ಎಲ್ಲ ದುಡ್ಡೂ ಎರಡು ಮೂರು ತಿಂಗಳಲ್ಲಿ ಬೇಕು. ಕಷ್ಟ ಅನ್ನಿಸುತ್ತದೆ, ಆದರೆ ಅಷ್ಟಕ್ಕೇ ಮುಗಿಯುತ್ತದೆ. ಓಸಿ, ಅಂದರೆ ವಾಸಯೋಗ್ಯ ಪ್ರಮಾಣಪತ್ರ ಬಂದಿರುವ ಮನೆಗೆ ಜಿಎಸ್‌ಟಿಯೂ ಇಲ್ಲ.

ಕಟ್ಟುತ್ತಿರುವ ಫ್ಲ್ಯಾಟಾದರೆ ಕಂತು ಕಂತಾಗಿ ಕೊಡಬಹುದು, ಕೈದುಡ್ಡು ಕಡಿಮೆ ಇರುವವರಿಗೆ ಇದು ಆಸೆ ತೋರಿಸುತ್ತದೆ. ರೇರಾ ಅನ್ನುವ ರಿಯಲ್ ಎಸ್ಟೇಟ್ ಕಾನೂನಿನ ಪ್ರಕಾರ ಅಗ್ರಿಮೆಂಟ್ ನೋಂದಣಿ ಆಗುವ ಮೊದಲು ಬಿಲ್ಡರ್ 10%ಗಿಂತ ಜಾಸ್ತಿ ತಗೊಳ್ಳುವಂತಿಲ್ಲ, ಇದನ್ನು ನೆನಪಿಟ್ಟುಕೊಳ್ಳಿ. ಆದರೆ 5% ಜಿಎಸ್‌ಟಿ ಸೇರುತ್ತದೆ, 70 ಲಕ್ಷಕ್ಕೆ ಮೂರೂವರೆ ಲಕ್ಷ. (45 ಲಕ್ಷದೊಳಗಿನ ಚಿಕ್ಕ ಮನೆಗೆ 1% ಇದೆ, ಬೆಂಗಳೂರಿನಲ್ಲಿ ಕಾರ್ಪೆಟ್ ಏರಿಯಾ 60 ಚದರ ಮೀಟರ್ ದಾಟಬಾರದು.) ಅದರ ಮೇಲೆ, ಮನೆ ಕೈಗೆ ಬರುವವರೆಗೆ ಬಾಡಿಗೆಯೂ ಕಟ್ಟಬೇಕು, ಬಿಡುಗಡೆ ಆದ ಸಾಲಕ್ಕೆ ಬಡ್ಡಿಯೂ ಕಟ್ಟಬೇಕು. ಎರಡು ವರ್ಷ ಅಂದದ್ದು ಮೂರೂವರೆ ಆದರೆ ಆ ಒಂದೂವರೆ ವರ್ಷದ ಜೋಡಿ ಖರ್ಚು ಯಾವ ಬ್ರೋಷರಿನಲ್ಲೂ ಇರುವುದಿಲ್ಲ. ಬ್ರೋಷರ್ ಬಿಡಿ, ಕರ್ನಾಟಕ ರೇರಾ ವೆಬ್‌ಸೈಟಿಗೆ ಹೋಗಿ ಆ ಪ್ರಾಜೆಕ್ಟ್ ಮುಗಿಯುವ ತಾರೀಕು ಏನು ಕೊಟ್ಟಿದ್ದಾರೆ, ದೂರುಗಳು ಎಷ್ಟಿವೆ ನೋಡಿ.

ಸೈಟಿನಲ್ಲಿ ಕಟ್ಟುವವರಿಗೆ ಬೇರೆಯೇ ಗೋಳು. ಬ್ಯಾಂಕು ದುಡ್ಡು ಕೊಡುವುದು ಕೆಲಸ ಆದ ಮೇಲೆ. ಪಾಯ ಆಗಿದೆಯಾ, ಒಂದು ಕಂತು. ಮೋಲ್ಡಿಂಗ್ ಆಗಿದೆಯಾ, ಇನ್ನೊಂದು. ಇಂಜಿನಿಯರ್ ಬಂದು ನೋಡಿ ವರದಿ ಕೊಟ್ಟು ದುಡ್ಡು ಬರುವಷ್ಟರಲ್ಲಿ ಕಬ್ಬಿಣದ ಅಂಗಡಿಯವರು, ಮೇಸ್ತ್ರಿ, ಸೆಂಟ್ರಿಂಗ್‌ನವರು ಎಲ್ಲರಿಗೂ ನಿಮ್ಮ ಕೈಯಿಂದ ಹೋಗಿರುತ್ತದೆ. ಹಾಗಾಗಿ ಇಲ್ಲಿ ಕೈದುಡ್ಡು ಮುಂಚೆಯೇ ಬೇಕು, ಕೊನೆಯವರೆಗೂ ಒಂದಿಷ್ಟು ಕೈಯಲ್ಲಿರಬೇಕು. ಕಂಟ್ರಾಕ್ಟರ್ ಚದರಕ್ಕೆ ಇಷ್ಟು ಅಂತ ಹೇಳಿದ ರೇಟಿನಲ್ಲಿ ಸಂಪು, ಕಾಂಪೌಂಡು, ಬೋರು, ವಿದ್ಯುತ್ ಸಂಪರ್ಕ ಸೇರಿದೆಯಾ ಅಂತ ಬರೆಸಿಕೊಳ್ಳಿ, ಸಾಮಾನ್ಯವಾಗಿ ಸೇರಿರುವುದಿಲ್ಲ.

ಇಎಂಐ ಬಗ್ಗೆ ಸ್ವಲ್ಪ

56 ಲಕ್ಷ ಸಾಲ, 8% ಬಡ್ಡಿ, 20 ವರ್ಷ ಅಂದರೆ ತಿಂಗಳಿಗೆ ಸುಮಾರು 46,840. 30 ವರ್ಷಕ್ಕೆ ಎಳೆದರೆ 41,090. ತಿಂಗಳಿಗೆ 5,750 ಕಡಿಮೆ ಆಯಿತು ಅಂತ ಖುಷಿ. ಒಟ್ಟು ಬಡ್ಡಿ ಮಾತ್ರ 56 ಲಕ್ಷದಿಂದ 92 ಲಕ್ಷಕ್ಕೆ ಹೋಯಿತು. ಆದರೂ ಉದ್ಯೋಗ ಅಷ್ಟು ಭದ್ರ ಇಲ್ಲದವರು ಉದ್ದ ಅವಧಿ ತಗೊಂಡು, ಬೋನಸ್ ಬಂದಾಗ ಅಸಲಿಗೆ ಕಟ್ಟುತ್ತಾ ಹೋಗುವುದು ಜಾಣತನವೇ, ಯಾಕೆಂದರೆ ಫ್ಲೋಟಿಂಗ್, ಅಂದರೆ ಏರಿಳಿಯುವ ಬಡ್ಡಿಯ ಗೃಹಸಾಲಕ್ಕೆ ಮುಂಚಿತವಾಗಿ ಕಟ್ಟಿದರೆ ದಂಡ ಹಾಕುವಂತಿಲ್ಲ. ಕಟ್ಟುತ್ತೇನೆ ಅಂತ ಹೇಳಿ ಕಟ್ಟದೇ ಇರುವ ಜಾತಿ ನಿಮ್ಮದಾದರೆ 20 ವರ್ಷವೇ ತಗೊಳ್ಳಿ.

ಬಡ್ಡಿ ಇಲ್ಲೇ ನಿಲ್ಲುತ್ತದೆ ಅಂದುಕೊಳ್ಳಬೇಡಿ. 2022ರ ಮೇ ಆರಂಭದಲ್ಲಿ 4% ಇದ್ದ ರೆಪೋ ದರ (ಆರ್‌ಬಿಐ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿದರ) 2023ರ ಫೆಬ್ರವರಿಗೆ 6.5% ಆಗಿತ್ತು, ಒಂದೇ ವರ್ಷದೊಳಗೆ. 2025ರಲ್ಲಿ ಇಳಿದು ಡಿಸೆಂಬರ್ ಹೊತ್ತಿಗೆ 5.25%ಗೆ ಬಂತು. ಈಗಿನ ಸಾಲಗಳು ಬಹುಪಾಲು ರೆಪೋಗೆ ಕಟ್ಟಿದವೇ. ನಮ್ಮ 56 ಲಕ್ಷಕ್ಕೆ 9.5% ಆದರೆ ಕಂತು 52,200. ಆ ಮೊತ್ತವನ್ನು ಕಟ್ಟಲು ಆಗುತ್ತದಾ ಅಂತ ನೋಡಿ, 46,840 ಅಲ್ಲ. ನೋಡುವ ದಾರಿ ಸುಲಭ. ಈಗ ಬಾಡಿಗೆ 20 ಸಾವಿರ ಇದೆ ಅಂದರೆ ಉಳಿದ 32 ಸಾವಿರವನ್ನು ಮುಂದಿನ ತಿಂಗಳ ಸಂಬಳದ ದಿನದಿಂದಲೇ ಆರ್‌ಡಿಗೆ ಹಾಕಿ. ಹಬ್ಬ, ಸ್ಕೂಲ್ ಫೀಸು, ಊರಿನ ಜಾತ್ರೆ ಎಲ್ಲ ಬರುವ ಹಾಗೆ ಒಂದು ವರ್ಷ ನಡೆಸಿ. ನಡೆದರೆ ಕೈದುಡ್ಡೂ ಬೆಳೆಯಿತು, ಕಂತಿನ ಅಭ್ಯಾಸವೂ ಆಯಿತು. ನಾಲ್ಕನೇ ತಿಂಗಳಿಗೇ ಮುರಿಯಬೇಕಾಯಿತು ಅಂದರೆ 70 ಲಕ್ಷದ ಮನೆ ಬಿಟ್ಟು 55ರದ್ದು ನೋಡಿ.

ತೆರಿಗೆ ಉಳಿಯುತ್ತದೆ ಅನ್ನುವ ಲೆಕ್ಕವನ್ನೂ ಪಕ್ಕಕ್ಕಿಡಿ. ಹೊಸ ತೆರಿಗೆ ಪದ್ಧತಿಯಲ್ಲಿ ಸ್ವಂತ ವಾಸದ ಮನೆಯ ಸಾಲದ ಬಡ್ಡಿಗೆ ವಿನಾಯಿತಿ ಇಲ್ಲ.

ಹಾಗಾದರೆ ನಾನು ಹೇಗೆ ಹಂಚುತ್ತೇನೆ

ಎರಡು ವರ್ಷದೊಳಗೆ ಮನೆ ಅಂದರೆ ಎಲ್ಲವೂ ದೊಡ್ಡ ಬ್ಯಾಂಕಿನ ಆರ್‌ಡಿ, ಎಫ್‌ಡಿ. ಬೇರೆ ಮಾತೇ ಇಲ್ಲ. ಮೂರರಿಂದ ಐದು ವರ್ಷ ಇದ್ದರೆ ಹೆಚ್ಚಿನ ಭಾಗ ಆರ್‌ಡಿ, ಜೊತೆಗೆ ಒಂದು ನೋಂದಾಯಿತ ಚೀಟಿ, ಅದೂ ಮನೆ ಹುಡುಕಾಟಕ್ಕೆ ಮೊದಲೇ ಮುಗಿಯುವಂಥದ್ದು. ಒಳ್ಳೇ ಲೀಸ್ ಸಿಕ್ಕರೆ ಮೇಲೆ ಹೇಳಿದ ಷರತ್ತಿನ ಮೇಲೆ ಅದು. ಏಳೆಂಟು ವರ್ಷ ಇದ್ದರೆ ಎಸ್‌ಐಪಿಯಿಂದ ಶುರು. ಯಾವುದಾದರೂ ಸರಿ, ಆರು ತಿಂಗಳ ಮನೆಖರ್ಚು ಬೇರೆ ಖಾತೆಯಲ್ಲಿ ಇರಲಿ, ಅದನ್ನು ಕೈದುಡ್ಡು ಅಂತ ಎಣಿಸಬೇಡಿ.

ಸಾಲಕ್ಕೆ ಅರ್ಜಿ ಹಾಕುವ ಐದಾರು ತಿಂಗಳ ಮೊದಲೇ ಸಿಬಿಲ್ ವರದಿ ತೆಗೆಸಿ. ವರ್ಷಕ್ಕೊಂದು ಸಲ ಉಚಿತವಾಗಿ ಕೊಡಬೇಕು ಅಂತ ನಿಯಮ ಇದೆ. ಎಂದೋ ಮುಚ್ಚಿದ ಕ್ರೆಡಿಟ್ ಕಾರ್ಡಿನ ನೂರಿನ್ನೂರು ರೂಪಾಯಿ ಬಾಕಿ ಅಲ್ಲಿ ಕೂತಿರಬಹುದು, ಸರಿ ಮಾಡಿಸಲು ವಾರಗಟ್ಟಲೆ ಹಿಡಿಯುತ್ತದೆ.

ಮಾರಾಟದ ಬೆಲೆ 50 ಲಕ್ಷ ಮುಟ್ಟಿದರೆ ಕೊಳ್ಳುವವರು 1% ಟಿಡಿಎಸ್, ಅಂದರೆ ಮಾರುವವರ ಲೆಕ್ಕದ ತೆರಿಗೆ ಹಿಡಿದು ಸರ್ಕಾರಕ್ಕೆ ಕಟ್ಟಬೇಕು. ನಮ್ಮ ಲೆಕ್ಕದಲ್ಲಿ 70 ಸಾವಿರ. ಇದು ಮೇಲಿನ ಖರ್ಚಲ್ಲ, ಮಾರುವವರಿಗೆ ಕೊಡುವುದರಲ್ಲೇ ಹಿಡಿಯುವುದು, ಆದರೆ ಕಟ್ಟುವ ಹೊಣೆ ನಿಮ್ಮದು, ಮರೆತರೆ ಬಡ್ಡಿ, ದಂಡ ಕೂಡ ನಿಮಗೇ. ಮಾರುವವರು ವಿದೇಶದಲ್ಲಿ ನೆಲೆಸಿದವರಾದರೆ ಹಿಡಿಯುವ ದರ ಇದಕ್ಕಿಂತ ತುಂಬಾ ಜಾಸ್ತಿ, ಅಡ್ವಾನ್ಸ್ ಕೊಡುವ ಮೊದಲೇ ಆಡಿಟರ್ ಹತ್ತಿರ ಹೋಗಿ. ಮುದ್ರಾಂಕ, ನೋಂದಣಿ ಶುಲ್ಕವನ್ನು ಕಾವೇರಿಯಲ್ಲಿ ಆನ್‌ಲೈನ್ ಕಟ್ಟಬೇಕು, ನಿಮ್ಮ ಬ್ಯಾಂಕಿನ ನೆಟ್ ಬ್ಯಾಂಕಿಂಗ್ ದಿನದ ಮಿತಿ 5 ಲಕ್ಷ ಇದ್ದರೆ 5.32 ಲಕ್ಷ ಅವತ್ತು ಹೋಗುವುದಿಲ್ಲ. ಮಿತಿಯನ್ನು ಒಂದು ವಾರ ಮೊದಲೇ ಏರಿಸಿಟ್ಟುಕೊಳ್ಳಿ, ಎಫ್‌ಡಿಯನ್ನೂ ಆಗಲೇ ಮುರಿದು ಸೇವಿಂಗ್ಸ್ ಖಾತೆಗೆ ಹಾಕಿಕೊಳ್ಳಿ.